ಮೇ ತಿಂಗಳಲ್ಲಿ ಬಂದ ಆಟಿ ಕಳೆಂಜ

ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಪೇಟೆಯ ಬಸ್ ತಂಗುದಾಣದ ಗೋಡೆಗೆ ಅಂಟಿಸಿದ್ದ ಪೋಸ್ಟರನ್ನು ಮೊದಲು ಓದಿದವಳು ನನ್ನ ಮಗಳು. ಮಲಯಾಳದ ದಪ್ಪ ಅಕ್ಷರಗಳ ಕೆಳಗೆ ಕನ್ನಡದಲ್ಲಿ ಚಿಕ್ಕದಾಗಿ ‘ಬೇಸಿಗೆ ಜನಪಥ ಉತ್ಸವ’ ಎಂದಿತ್ತು. ಅವಳು ಮೂರನೆಯ ತರಗತಿ ಮುಗಿಸಿದ ಕನ್ನಡ ಮಾಧ್ಯಮದ ಹುಡುಗಿ. “ಜನಪಥ ಎಂದರೆ ಜನ ನಡೆಯುವ ದಾರಿ ಅಲ್ಲವಾ ಅಮ್ಮ? ಅದಕ್ಕೆ ಎಂಥ ಉತ್ಸವ?” ಎಂದಳು. ಹೆದ್ದಾರಿಯ ಷಟ್ಪಥ ಕಾಮಗಾರಿಯ ಧೂಳನ್ನು ವರ್ಷಗಟ್ಟಲೆ ಕುಡಿದ ನಮ್ಮ ಊರಿನವರು, ಜನ ನಡೆಯುವ ದಾರಿ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಉತ್ಸವವನ್ನೇ ಮಾಡಬೇಕು. ಆದರೆ ಅವರು ಹೇಳಲು ಹೊರಟದ್ದು ಜಾನಪದ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಫಲಕಗಳ ಇಂಥ ಕಾಗುಣಿತ ನಮಗೆ ರೂಢಿಯಾಗಿದೆ. ಕನ್ನಡದಲ್ಲಿಯೂ ಹಾಕಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ಇಂಥ ಉತ್ಸವಗಳೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ಇರುಳಿಡೀ ನಡೆಯುವುದನ್ನು ಕಾಲು ಗಂಟೆಗೆ ಇಳಿಸುವುದು, ಗದ್ದೆಯದ್ದು, ಅಂಗಳದ್ದು, ಮದುವೆ ಚಪ್ಪರದ್ದು ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಸಾಲಾಗಿ ತಂದು ನಿಲ್ಲಿಸುವುದು, ನಡುನಡುವೆ ಶಾಲು ಹೊದೆಸುವುದು. ನಾನು ಬೆಳೆದ ರೀತಿಯೇ ಬೇರೆ. ಅಜ್ಜನ ಮನೆಯ ಹತ್ತಿರ ದೈವದ ಕೋಲವಿದ್ದರೆ ಚಾಪೆ ಸುತ್ತಿಕೊಂಡು ಹೋಗಿ ಅಲ್ಲೇ ಮಲಗುತ್ತಿದ್ದೆವು. ಬೆಳಗಿನ ಜಾವ ಮೂರರ ಹೊತ್ತಿಗೆ ಅಮ್ಮ ಭುಜ ಅಲುಗಿಸಿ “ಏಳು, ಇನ್ನು ನೋಡು” ಎನ್ನುತ್ತಿದ್ದರು. ದೊಂದಿಯ ಬೆಳಕು, ಗಗ್ಗರದ ಸದ್ದು, ಅರ್ಧ ನಿದ್ದೆ. ಆಮೇಲೆ ನೋಡಿದ ಯಾವುದೂ ಅದಕ್ಕೆ ಸಮನಾಗಲಿಲ್ಲ.

ಅದನ್ನೇ ನನ್ನ ಮಕ್ಕಳಿಗೂ ದಾಟಿಸೋಣವೆಂದು ಕಳೆದ ಫೆಬ್ರವರಿಯಲ್ಲಿ ಹತ್ತಿರದ ಒಂದು ದೈವದ ನೇಮಕ್ಕೆ ಇಬ್ಬರನ್ನೂ ಕರೆದೊಯ್ದೆ. ಸಣ್ಣವನಿಗೆ ನಾಲ್ಕು ವರ್ಷ. ಒಂಬತ್ತೂವರೆಗೇ ಮಡಿಲಿಗೆ ಒರಗಿದ. ಹನ್ನೆರಡರ ಸುಮಾರಿಗೆ ಕದಿನ ಬೆಡಿ ಸಿಡಿಯಿತು. ಅವನು ಎದ್ದು ಕೂಗಿದ ಕೂಗಿಗೆ ಪಕ್ಕದವರು ಬೆಡಿಯನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರು. ಹನ್ನೆರಡೂವರೆಗೆ ಮನೆಯಲ್ಲಿದ್ದೆವು. ಅಂದಿನಿಂದ ದೂರದಲ್ಲೆಲ್ಲೋ ಚೆಂಡೆ ಕೇಳಿದರೂ ಅವನ ಎರಡೂ ಕೈ ಕಿವಿಗೆ ಹೋಗುತ್ತಿತ್ತು. ಹಾಗಾಗಿ ಪೋಸ್ಟರಿನಲ್ಲಿ ‘ಅಪರಾಹ್ನ 3ರಿಂದ ರಾತ್ರಿ 9ರ ತನಕ’ ಎಂದು ಕಂಡಾಗಲೇ ನನ್ನ ತಾತ್ಸಾರ ಅರ್ಧ ಕರಗಿತ್ತು. ಸಣ್ಣ ಮಕ್ಕಳಿರುವ ಮನೆಯ ಕಲಾಭಿರುಚಿಯನ್ನು ಮಕ್ಕಳ ನಿದ್ದೆಯೇ ತೀರ್ಮಾನಿಸುತ್ತದೆ.

ಮೊದಲ ದಿನ ಮಾಡಬಾರದ್ದನ್ನೆಲ್ಲ ಮಾಡಿದೆ. ಮೂರು ಗಂಟೆಗೆ ಎಂದಿದ್ದರೆಂದು ಮೂರು ಗಂಟೆಗೇ ಹೋದೆ. ಅತ್ತೆಯೂ ಜೊತೆಗೆ ಹೊರಟರು. ಶಾಲೆಯ ಮೈದಾನವಿರುವುದು ಮುರಕಲ್ಲಿನ ಪದವಿನ, ಎಂದರೆ ಕೆಂಪುಕಲ್ಲಿನ ಬೋಳು ಎತ್ತರದ ಮೇಲೆ. ಮೇ ತಿಂಗಳ ಎರಡನೆಯ ವಾರದಲ್ಲಿ ಆ ಕಲ್ಲು ಬೆಳಗಿನಿಂದ ಕಾದದ್ದನ್ನು ಸಂಜೆಯವರೆಗೆ ಕಾಲಡಿಯಿಂದ ವಾಪಸು ಕೊಡುತ್ತಿರುತ್ತದೆ. ಮೇಲೆ ತಗಡಿನ ಚಪ್ಪರ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಸಣ್ಣವನು ತೊಡೆ ಸುಟ್ಟಿತೆಂದು ಎದ್ದು ನಿಂತವನು ಮತ್ತೆ ಕೂರಲಿಲ್ಲ. ವೇದಿಕೆಯಲ್ಲಿ ಹನ್ನೊಂದು ಕುರ್ಚಿ ಇಟ್ಟಿದ್ದಾರೆಂದು ಮಗಳು ಎಣಿಸಿ ಹೇಳಿದಳು. ಹನ್ನೊಂದು ಕುರ್ಚಿಯೆಂದರೆ ಹನ್ನೊಂದು ಭಾಷಣ ಎಂಬುದು ಅವಳಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ದೀಪ ಹಚ್ಚುವಾಗ ನಾಲ್ಕೂ ಕಾಲು. ಮೊದಲ ತಂಡ ವೇದಿಕೆ ಹತ್ತುವಾಗ ಐದೂವರೆ. ಅಷ್ಟರಲ್ಲಿ ತಂದಿದ್ದ ನೀರು ಮಜ್ಜಿಗೆ ಮುಗಿದಿತ್ತು, ಎರಡು ಬೊಂಡ ಖಾಲಿಯಾಗಿತ್ತು (ಬೊಂಡವೆಂದರೆ ನಮ್ಮಲ್ಲಿ ಎಳನೀರು, ಘಟ್ಟದ ಮೇಲಿನವರು ಎಣ್ಣೆಯಲ್ಲಿ ಕರಿದದ್ದೆಂದು ತಿಳಿಯಬಾರದು), ಇಬ್ಬರೂ ಮನೆಗೆ ಹೋಗೋಣ ಎನ್ನುವ ಹಂತಕ್ಕೆ ಬಂದಿದ್ದರು.

ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಮಂಗಲಂ ಕಳಿ. ಮಾವಿಲ ಮತ್ತು ಮಲವೇಟ್ಟುವ ಬುಡಕಟ್ಟು ಸಮುದಾಯದವರು ಮದುವೆ ಮನೆಯಲ್ಲಿ ತುಡಿ ಬಾರಿಸಿಕೊಂಡು ಸುತ್ತು ಬರುತ್ತ ಆಡುವ ಕುಣಿತ ಅದು. ಮಾವಿಲರ ಹಾಡಿನಲ್ಲಿ ತುಳು ಕೇಳಿಸುತ್ತದೆ, ಅತ್ತೆ ಒಂದೆರಡು ಸಾಲು ಹಿಡಿದು ನಕ್ಕರು. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕೇರಳ ಶಾಲಾ ಕಲೋತ್ಸವದಿಂದ ಇದನ್ನೂ ಸ್ಪರ್ಧೆಗೆ ಸೇರಿಸಿರುವುದರಿಂದ ಶಾಲೆ ಮಕ್ಕಳಿಗೆ ಹೆಸರು ಗೊತ್ತು. ಮಗಳು ನನಗೇ ಪಾಠ ಹೇಳಿದಳು. ಕೊನೆಗೆ ಆ ಹೆಂಗಸರು ವೇದಿಕೆಯಿಂದ ಇಳಿದು, ನೋಡುತ್ತಿದ್ದ ಮಕ್ಕಳ ಕೈ ಹಿಡಿದು ಸುತ್ತಿಗೆ ಎಳೆದುಕೊಂಡರು. ನಮ್ಮವಳು ಮೂರು ಸುತ್ತು ಹೋಗಿ ಬಂದಳು. ಬಂದವಳ ಚಪ್ಪಲಿ ಒಂದು ಕಾಲಿನಲ್ಲಿ ಮಾತ್ರ ಇತ್ತು.

ಪೂರಕ್ಕಳಿಯವರಿಗೆ ಅದೃಷ್ಟವಿರಲಿಲ್ಲ. ಅದು ಮೀನ ಮಾಸದಲ್ಲಿ, ಎಂದರೆ ಮಾರ್ಚ್-ಏಪ್ರಿಲಿನ ಪೂರಂ ದಿನಗಳಲ್ಲಿ, ನಡುವೆ ದೀಪವಿಟ್ಟು ಗಂಡಸರು ಸುತ್ತಲೂ ಹಾಡುತ್ತ ಆಡುವಂಥದ್ದು. ಇಲ್ಲಿ ಅತಿಥಿಗಳ ಕಡೆಗೆ ತಿರುಗಿಸಿದ್ದ ಎರಡು ದೊಡ್ಡ ಫ್ಯಾನುಗಳ ಗಾಳಿಗೆ ದೀಪ ಮತ್ತೆ ಮತ್ತೆ ಆರುತ್ತಿತ್ತು. ಫ್ಯಾನು ನಿಲ್ಲಿಸಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಒಬ್ಬ ಸ್ವಯಂಸೇವಕ ಬೆಂಕಿಪೆಟ್ಟಿಗೆ ಹಿಡಿದುಕೊಂಡು ವೇದಿಕೆಯ ಮೂಲೆಯಲ್ಲೇ ಕುಕ್ಕರಗಾಲಿನಲ್ಲಿ ಕಾದು ಕುಳಿತ.

ಅದಾದ ಮೇಲೆ ಧ್ವನಿವರ್ಧಕ ಮಲಯಾಳದಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ತುಳುವಿನಲ್ಲೊಮ್ಮೆ ಹೇಳಿತು: ಈಗ ಆಟಿ ಕಳೆಂಜ.

“ಆಟಿ ಕಳೆಂಜವಾ? ಈಗವಾ?” ಎಂದರು ಅತ್ತೆ. ಅವರ ಮುಖದಲ್ಲಿ, ಯಾರೋ ದೀಪಾವಳಿಗೆ ಯುಗಾದಿಯ ಬೇವು-ಬೆಲ್ಲ ತಂದುಕೊಟ್ಟಂಥ ಗೊಂದಲ. ಆಟಿ ಬರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಬಿಡದೆ ಹೊಯ್ಯುವ ತಿಂಗಳು. ಮನೆಯಲ್ಲಿ ಅಕ್ಕಿ ತಳ ಕಾಣುವ, ಜ್ವರ-ಶೀತ ಮನೆ ಹೊಕ್ಕುವ ಕಾಲ. ಆಗ ನಲಿಕೆ ಸಮುದಾಯದವರ ಕಳೆಂಜ ಓಲೆಯ ಕೊಡೆ ಹಿಡಿದು ಅಂಗಳಕ್ಕೆ ಬಂದು, ಕುಣಿದು, ಮನೆಯ ಮಾರಿಯನ್ನು ಕಳೆದು ಹೋಗುತ್ತಾನೆಂಬುದು ನಂಬಿಕೆ. ಅಂಥವನು ಮೇ ತಿಂಗಳ ಸೆಖೆಯಲ್ಲಿ ವೇದಿಕೆಗೆ ಬಂದರೆ ಕಳೆಯುವುದು ಏನನ್ನು? “ದೈವವನ್ನು ಕಟ್ಟಿಸಲಿಲ್ಲವಲ್ಲ, ಅದೇ ದೊಡ್ಡದು” ಎಂದು ಅತ್ತೆ ತಾವೇ ಸಮಾಧಾನ ಮಾಡಿಕೊಂಡರು. ದೈವದ ಕೋಲವನ್ನು ವೇದಿಕೆಗೆ ತರುವುದಿಲ್ಲ ಎಂದು ಸಂಘಟಕರು ಮೊದಲೇ ತೀರ್ಮಾನಿಸಿದ್ದರು. ಅದನ್ನು ನಾನೂ ಮೆಚ್ಚಿದೆ.

ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಖಕ್ಕೆ ಬಿಳಿ, ಕೆಂಪು, ಕಪ್ಪು ಚುಕ್ಕೆ. ಕಾಲಿನ ಗಗ್ಗರ ಮೈಕಿನ ಹತ್ತಿರ ಬಂದಾಗ ಇಡೀ ಮೈದಾನ ಝಲ್ಲೆಂದಿತು. ಸಣ್ಣವನು ನನ್ನ ಚೂಡಿದಾರದ ಶಾಲಿನೊಳಗೆ ತಲೆ ಹುದುಗಿಸಿದ. ಆದರೆ ಅಳಲಿಲ್ಲ. ಶಾಲಿನ ಒಳಗಿನಿಂದಲೇ ಕೇಳಿದ: “ಮಳೆ ಇಲ್ಲವಲ್ಲ, ಕೊಡೆ ಯಾಕೆ?”

ನಾನು ವಿವರಿಸಲು ಹೊರಟೆ. ಆಟಿ, ಮಾರಿ, ಕಳೆಯುವುದು. ಎರಡು ವಾಕ್ಯ ದಾಟುವಷ್ಟರಲ್ಲಿ ಅವನಿಗೆ ಮೂತ್ರ ಬಂತು. ನನ್ನ ವಿವರಣೆಗೆ ಮಕ್ಕಳ ದೇಹ ಕೊಡುವ ಉತ್ತರ ಯಾವಾಗಲೂ ಅದೇ.

ಶಾಲೆಯ ಶೌಚಾಲಯಕ್ಕೆ ಬೀಗ ಜಡಿದಿತ್ತು. ಕೀಲಿ ಇರುವವರು ಊಟಕ್ಕೆ ಹೋಗಿದ್ದಾರಂತೆ, ಸಂಜೆ ಆರು ಗಂಟೆಗೆ. ಇಷ್ಟು ಜನರನ್ನು ಕರೆಸಿ ಇದನ್ನು ಮರೆಯುವುದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಕಟ್ಟಡದ ಹಿಂದೆ ಗೇರುಮರಗಳ ಕಡೆಗೆ ಮಗನನ್ನು ಕರೆದುಕೊಂಡು ಹೋದೆ. ವಾಪಸು ಬರುವಾಗ ಗೋಡೆಯ ನೆರಳಿನಲ್ಲಿ ಕಳೆಂಜ ಕುಳಿತಿದ್ದರು.

‘ಕುಳಿತಿದ್ದ’ ಎಂದು ಬರೆಯಲು ಹೊರಟು ತಿದ್ದಿಕೊಂಡೆ. ವೇದಿಕೆಯ ಮೇಲೆ ಅವನಾಗಿದ್ದವರು ಇಲ್ಲಿ ಐವತ್ತು ದಾಟಿದ ಹಿರಿಯರು, ಮೊಣಕಾಲು ನೀವಿಕೊಳ್ಳುತ್ತಿದ್ದರು. ಕೈಯಲ್ಲಿ ಅರ್ಧ ಕುಡಿದ ಗೋಲಿ ಸೋಡಾ. ಸಿರಿಯನ್ನು ಬಿಚ್ಚಿ ಪಕ್ಕದಲ್ಲಿ ಒಟ್ಟಿದ್ದರು. ಓಲೆಯ ಕೊಡೆ ಗೋಡೆಗೆ ಒರಗಿ ನಿಂತು ಅವರ ಮೇಲೆಯೇ ನೆರಳು ಚೆಲ್ಲಿತ್ತು. ಮಗ ನನ್ನ ಹಿಂದೆ ನಿಂತ. ಆಮೇಲೆ ಪಕ್ಕಕ್ಕೆ ಬಂದ. ಆಮೇಲೆ ನನಗಿಂತ ಒಂದು ಹೆಜ್ಜೆ ಮುಂದೆ. ಮತ್ತೆ ಅದೇ ಪ್ರಶ್ನೆ: “ಮಳೆ ಇಲ್ಲವಲ್ಲ, ಕೊಡೆ ಯಾಕೆ?”

“ಆಟಿಯಲ್ಲಿ ಮಳೆಗೆ, ಈಗ ಬಿಸಿಲಿಗೆ” ಎಂದರು ಅವರು. “ಕೊಡೆಗೆ ತಿಂಗಳು ತಿಳಿಯುವುದಿಲ್ಲ ಮಗು.”

ಅವನಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಯಿತು. ನನ್ನ ಆಟಿ-ಮಾರಿಗಳ ಪಾಠಕ್ಕಿಂತ ಚೆನ್ನಾಗಿತ್ತು ಎಂದು ನಾನೂ ಒಪ್ಪಬೇಕು.

ಅವರು ಸೋಡಾ ಬಾಟಲಿ ಕೆಳಗಿಟ್ಟು, ಹಳೆಯ ಔಷಧಿ ಶೀಶೆಯಿಂದ ತೆಂಗಿನೆಣ್ಣೆಯನ್ನು ಅಂಗೈಗೆ ಹುಯ್ದುಕೊಂಡು ಕೆನ್ನೆಗೆ ಹಚ್ಚಿದರು. ಬಿಳಿ ಮೊದಲು ಕರಗಿತು. ಕಪ್ಪು ಅದರೊಳಗೆ ಹರಡಿ ಬೂದಿಯ ಬಣ್ಣವಾಯಿತು. ಕೆಂಪು ಮಾತ್ರ ಕಿವಿಯ ಅಂಚಿನಲ್ಲಿ ಹಠ ಹಿಡಿದು ಕುಳಿತಿತು. ಮಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಗಲ್ಲದ ಮೇಲೆ ಉಳಿದಿದ್ದ ಒಂದು ಚುಕ್ಕೆಯನ್ನು ತೋರಿಸಿ “ಇದನ್ನು ನೀನು ತೆಗೆ” ಎಂದರು. ಅವನು ತೋರುಬೆರಳನ್ನು ಎಣ್ಣೆಗೆ ಅದ್ದಿ, ಸ್ಲೇಟು ಒರೆಸುವವನಂತೆ ಉಜ್ಜಿದ. ಚುಕ್ಕೆ ಅವನ ಬೆರಳಿಗೆ ಬಂತು. ಅದನ್ನು ತನ್ನ ಗಲ್ಲಕ್ಕೆ ಹಚ್ಚಿಕೊಂಡ.

ನಾನು ಮಾತಿಗೆ ಕುಳಿತೆ. ಓಲೆಯ ಕೊಡೆ ಮಾಡುವವರು ಈಗ ಸಿಗುವುದಿಲ್ಲ, ಪನೆ ಮರ ಹತ್ತುವವರೂ ಇಲ್ಲ, ಇದ್ದ ಒಂದನ್ನೇ ಹೊಲಿದು ಹೊಲಿದು ಇಟ್ಟುಕೊಂಡಿದ್ದೇನೆ ಎಂದರು. ವೇದಿಕೆಯಲ್ಲಿ ಎಷ್ಟು ಹೊತ್ತು ಕೊಟ್ಟರೆಂದು ಕೇಳಿದೆ. “ಹನ್ನೆರಡು ನಿಮಿಷ ಎಂದರು. ಮನೆಯಂಗಳದಲ್ಲಾದರೆ ಅಷ್ಟು ಹೊತ್ತಿಗೆ ಅಕ್ಕಿಯೇ ಹೊರಗೆ ಬಂದಿರುವುದಿಲ್ಲ.” ನಗುತ್ತ ಹೇಳಿದರು. ನಾನೂ ನಕ್ಕೆ. ಎಷ್ಟೋ ಮನೆಗಳ ಅಂಗಳದಲ್ಲಿ ಮಳೆಗೆ ನಿಂತು ಕಾದ ಲೆಕ್ಕ ಆ ಮಾತಿನಲ್ಲಿತ್ತು ಎಂಬುದು ಹೊಳೆದದ್ದು ನಕ್ಕ ಮೇಲೆ.

ಅಷ್ಟರಲ್ಲಿ ಧ್ವನಿವರ್ಧಕ ಅವರ ಹೆಸರು ಕರೆಯಿತು. ಹೆಸರು, ಊರು, ತಂದೆಯ ಹೆಸರು, ಎಷ್ಟು ವರ್ಷಗಳಿಂದ ಈ ಕೆಲಸದಲ್ಲಿ ಇದ್ದಾರೆ ಎಂಬುದು, ಎಲ್ಲವೂ ಮೂರು ಭಾಷೆಗಳಲ್ಲಿ. ಗೌರವಾರ್ಪಣೆಗೆ ವೇದಿಕೆಗೆ ಬರಬೇಕಂತೆ. ಅವರು ಗಡಿಬಿಡಿಯಲ್ಲಿ ಲುಂಗಿ ಸರಿಮಾಡಿಕೊಂಡು, ಒಂದು ಕೆನ್ನೆ ತೊಳೆದು ಇನ್ನೊಂದು ಬಣ್ಣದಲ್ಲಿಯೇ ಉಳಿದ ಮುಖದಲ್ಲಿ ಓಡಿದರು. ಶಾಲು ಹೊದೆಸಿದರು, ಫಲಪುಷ್ಪ ಕೊಟ್ಟರು, ಕುರ್ಚಿ ಕೊಟ್ಟರು. ಅರ್ಧ ಮುಖದ ಕಳೆಂಜ ಕುರ್ಚಿಯ ಅಂಚಿನಲ್ಲಿ ಕುಳಿತು ಸಭೆಯನ್ನು ನೋಡಿದರು. ಮಗ ಎಣ್ಣೆಗೈ ಎತ್ತಿ ಬೀಸಿದ.

ಶಾಲು ಹೊದೆಸುವುದನ್ನು ಇಷ್ಟು ವರ್ಷ ಗೇಲಿ ಮಾಡಿದವಳು ನಾನು. ಆದರೆ ನನ್ನ ತವರಿನ ಅಂಗಳಕ್ಕೆ ಬಾಲ್ಯದುದ್ದಕ್ಕೂ ಕಳೆಂಜ ಬಂದಿದ್ದಾನೆ. “ಕಳೆಂಜ ಬಂದ, ಅಕ್ಕಿ ತಾ” ಎನ್ನುತ್ತಿದ್ದೆವು. ಅಂಗಳದಾಚೆಯೇ ನಿಲ್ಲುತ್ತಿದ್ದ, ಜಗಲಿ ಹತ್ತುತ್ತಿರಲಿಲ್ಲ, ಹತ್ತು ಎಂದು ಯಾರೂ ಹೇಳುತ್ತಿರಲಿಲ್ಲ. ಅವನ ಹೆಸರೇನು? ನೆನಪು ಮಾಡಿಕೊಳ್ಳಲು ಹೋದರೆ ಮರೆತುಹೋಗಿದ್ದಲ್ಲ, ಕೇಳಿಯೇ ಇರಲಿಲ್ಲ. ಹಾಳೆಯ ಟೊಪ್ಪಿಯ ಕೆಳಗಿನ ಮನುಷ್ಯನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಈ ಕೆಟ್ಟ ಧ್ವನಿವರ್ಧಕದಿಂದ. ವೇದಿಕೆ ತಿಂಗಳನ್ನು ಕಿತ್ತುಕೊಂಡಿತ್ತು, ಮಳೆಯನ್ನು ಕಿತ್ತುಕೊಂಡಿತ್ತು, ಅವರ ಕುಣಿತವನ್ನು ಹನ್ನೆರಡು ನಿಮಿಷಕ್ಕೆ ಕತ್ತರಿಸಿತ್ತು. ಕುರ್ಚಿಯನ್ನೂ ಅದೇ ಕೊಟ್ಟಿತು. ಈ ಲೆಕ್ಕವನ್ನು ಕೂಡಿ ಕಳೆದು ಸರಿಮಾಡಲು ನನ್ನಿಂದ ಆಗಿಲ್ಲ. ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲಿಗೆ ಬರುತ್ತಿದ್ದವರ ಹೆಸರು ಮಾವನಿಗೆ ಗೊತ್ತಿತ್ತು” ಎಂದರು. ಮಾವ ಈಗ ಇಲ್ಲ.

ಮಾರನೆಯ ದಿನ ಐದೂವರೆಗೆ ಹೊರಟೆವು. ಇವರೂ ಬಂದರು. ಮಕ್ಕಳ ಕಿವಿಗೆ ಹತ್ತಿ, ಎರಡು ಬಾಟಲಿ ಪುನರ್ಪುಳಿ ಶರಬತ್ತು, ಒಂದು ಹಳೆಯ ಚಾಪೆ. ಕುರ್ಚಿಗಳ ಸಾಲಿನ ಗೊಡವೆಯೇ ಬೇಡವೆಂದು ವೇದಿಕೆಯ ಎಡಬದಿಗೆ, ಚೌಕಿಯ (ವೇಷ ಕಟ್ಟುವ ಜಾಗದ) ಹತ್ತಿರ ಚಾಪೆ ಹಾಸಿದೆವು. ಅಲ್ಲಿ ಧ್ವನಿವರ್ಧಕದ ಬಾಯಿ ನಮ್ಮ ಕಡೆಗಿಲ್ಲ, ಹೊರಗೆ ಹೋಗಬೇಕಾದರೆ ಯಾರ ಕಾಲನ್ನೂ ತುಳಿಯಬೇಕಾಗಿಲ್ಲ. ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದಿದ್ದರೆ ಇಷ್ಟೇ: ಎದುರಿನ ಸಾಲು ಬಿಡಿ, ಉದ್ಘಾಟನೆ ಬಿಡಿ, ಚೌಕಿಯ ಪಕ್ಕ ಹಿಡಿಯಿರಿ.

ಮೈದಾನದ ಇನ್ನೊಂದು ಬದಿಯಲ್ಲಿ ಕೈಕೆಲಸದವರು ಕುಳಿತಿದ್ದರು. ಹಾಳೆಯನ್ನು ಮಡಚಿ ಹೊಲಿದು ಮುಟ್ಟಾಳೆ ಟೊಪ್ಪಿ ಮಾಡುವವರೊಬ್ಬರು, ತೆಂಗಿನಗರಿಯಲ್ಲಿ ಪೀಪಿ, ಹಾವು, ಗಿರಿಗಿಟಿ ನೇಯುವ ಅಜ್ಜಿ ಒಬ್ಬರು. ಮಗಳು ಚೆನ್ನೆಮಣೆಯ ಮುಂದೆ ಕುಳಿತವಳು ಏಳಲಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಇದೂ ಆಟಿಯದೇ ಆಟ. ಮಳೆಗೆ ಹೊರಗೆ ಹೋಗಲಾಗದ ಹೆಂಗಸರು, ಮಕ್ಕಳು ಜಗಲಿಯಲ್ಲಿ ಕುಳಿತು ಆಡುತ್ತಿದ್ದದ್ದು. “ಇದನ್ನೂ ಈಗಲೇ ಆಡುತ್ತಾರಾ!” ಎಂದು ಅತ್ತೆ ನೆಟಿಗೆ ಮುರಿದರು. ಮುರಿದವರೇ ಹತ್ತು ನಿಮಿಷದಲ್ಲಿ ಮೊಮ್ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಅವಳನ್ನು ಎರಡು ಬಾರಿ ನಿರ್ದಾಕ್ಷಿಣ್ಯವಾಗಿ ಸೋಲಿಸಿದರು. ಸಣ್ಣವನು ಅಡಿಕೆ ಹಾಳೆಯ ಮೇಲೆ ಕುಳಿತು ಅಪ್ಪನಿಂದ ಎಳೆಸಿಕೊಂಡ. ಮುರಕಲ್ಲಿನ ಮೇಲೆ ಆ ಆಟ ಒಳ್ಳೆಯದಲ್ಲ. ಚಡ್ಡಿ ಹರಿಯಿತು.

ಆ ಗಲಾಟೆಯ ನಡುವೆ ಅವನು ಕಾಣೆಯಾದ.

ನಾನು ಇವರ ಹತ್ತಿರ ಇದ್ದಾನೆಂದುಕೊಂಡೆ, ಇವರು ಅತ್ತೆಯ ಹತ್ತಿರ ಎಂದುಕೊಂಡರು, ಅತ್ತೆ ಚೆನ್ನೆಮಣೆಯಿಂದ ತಲೆ ಎತ್ತಿರಲಿಲ್ಲ. ಏಳೆಂಟು ನಿಮಿಷ ಇರಬಹುದು. ಗೇರುಮರದ ಕಡೆ ಓಡಿದೆ, ರಸ್ತೆಯ ಕಡೆ ಓಡಿದೆ. ಹಿಂದಿನ ದಿನ ಕಳೆಂಜನ ಹೆಸರು ಕರೆದ ಅದೇ ಧ್ವನಿವರ್ಧಕ “ನಾಲ್ಕು ವರ್ಷದ ಗಂಡುಮಗು, ಹಳದಿ ಅಂಗಿ, ಹಿಂಬದಿ ಹರಿದ ಚಡ್ಡಿ” ಎಂದು ಮೂರು ಭಾಷೆಗಳಲ್ಲಿ ಸಾರಿತು. ನಾಚಿಕೆಗೂ ಹೆದರಿಕೆಗೂ ನನ್ನ ಕೈಕಾಲು ತಣ್ಣಗಾಯಿತು. ಕೊನೆಗೆ ಚೌಕಿಯ ಪರದೆ ಸರಿಸಿದರೆ ಅಲ್ಲಿದ್ದ. ಕನ್ನಡಿಯ ಮುಂದೆ ಮಲಗಿದಂತೆ ಒರಗಿದ್ದ ಬಣ್ಣದ ವೇಷಧಾರಿಯೊಬ್ಬರ ಪಕ್ಕ, ಟ್ರಂಕಿನ ಮೇಲೆ, ಕಾಲು ಇಳಿಬಿಟ್ಟು.

ಅಂದು ರಾತ್ರಿ ಯಕ್ಷಗಾನದ ಮಹಿಷಾಸುರನ ಭಾಗವಿತ್ತು. ಮಹಿಷನ ಮುಖಕ್ಕೆ ಚಿಟ್ಟಿ ಇಡುವ ಕೆಲಸ ಮಧ್ಯಾಹ್ನದಿಂದಲೇ ನಡೆದಿತ್ತಂತೆ. ಅಕ್ಕಿಯ ಹಿಟ್ಟು, ಸುಣ್ಣ ಸೇರಿಸಿದ ಬಿಳಿಯ ಅಂಟನ್ನು ಕಡ್ಡಿಯ ತುದಿಯಿಂದ ತೆಗೆದು, ಕೆನ್ನೆಯ ಮೇಲೆ ಮುಳ್ಳಿನಂತೆ ಎಬ್ಬಿಸುತ್ತ ಹೋಗುವುದು. ಒಂದು ಸಾಲು ಮುಗಿದು ಒಣಗಿದ ಮೇಲೆ ಇನ್ನೊಂದು. ಮಾತನಾಡಿದರೆ ಬಿರಿಯುತ್ತದೆ, ನಕ್ಕರೆ ಉದುರುತ್ತದೆ. ಹಾಗಾಗಿ ಆ ಕಲಾವಿದರು ಮಗನಿಗೆ ಕೈಸನ್ನೆಯಲ್ಲೇ “ಕೂರು” ಎಂದಿದ್ದರು, ಅವನು ಕುಳಿತಿದ್ದ. ನಾನು ಕ್ಷಮೆ ಕೇಳಲು ಹೋದರೆ ಅದಕ್ಕೂ ಕೈಸನ್ನೆ: ಇರಲಿ ಬಿಡಿ. ನಾನೂ ಅಲ್ಲೇ ನೆಲದಲ್ಲಿ ಕುಳಿತೆ. ಹೊರಗೆ ಕೋಲ್ಕಳಿ ನಡೆಯುತ್ತಿತ್ತು, ದಫ್ ನಡೆಯುತ್ತಿತ್ತು. ಒಳಗೆ ಮೂಲೆಯಲ್ಲಿ ಗಣಪತಿಗೆ ದೀಪ, ಬೆವರು ಮತ್ತು ತೆಂಗಿನೆಣ್ಣೆಯ ವಾಸನೆ, ಕೈಯಲ್ಲಿ ಬೆಲ್ಟು ಬಿಗಿಯುತ್ತ ಪತ್ತನಾಜೆಗೆ ಇನ್ನು ಎಷ್ಟು ಆಟ ಉಳಿದಿದೆಯೆಂದು ಲೆಕ್ಕ ಹಾಕುವ ಹುಡುಗರು. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ, ಹೆಚ್ಚಿನವರಿಗೆ ಬೇರೆ ದುಡಿಮೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಂದ ಕೂಗಳತೆಯಲ್ಲಿದೆ ಎಂದು ಭಾಷಣಗಳಲ್ಲಿ ಹಿಂದಿನ ದಿನ ನಾಲ್ಕು ಬಾರಿ ಕೇಳಿದ್ದೆ. ಚೌಕಿಯಲ್ಲಿ ಆ ಹೆಸರು ಯಾರೂ ಎತ್ತಲಿಲ್ಲ. ಅವರ ಚಿಂತೆ ಜೂನ್ ತಿಂಗಳದ್ದು.

ಒಬ್ಬರು ಬಂದು ವೇಷಧಾರಿಗೆ ಸಜ್ಜಿಗೆಯನ್ನು ಚಮಚದಲ್ಲಿ, ಚಿಟ್ಟಿಗೆ ತಾಗದಂತೆ, ಸ್ವಲ್ಪ ಸ್ವಲ್ಪವೇ ತಿನ್ನಿಸಿದರು. ಮಗ ಇದನ್ನು ನೋಡಿದ ರೀತಿಯನ್ನು ಏನು ಹೇಳಲಿ. ತನ್ನಂತೆಯೇ ಬೇರೆಯವರ ಕೈಯಿಂದ ತಿನ್ನುವ ದೊಡ್ಡವರೂ ಇದ್ದಾರೆ ಎಂಬುದು ಅವನಿಗೆ ಅಂದು ತಿಳಿಯಿತು.

ಎಂಟರ ಹೊತ್ತಿಗೆ ಮಹಿಷ ಹೊರಟ. ಅವನು ಬರುವುದು ವೇದಿಕೆಯ ಬದಿಯಿಂದಲ್ಲ, ಸಭೆಯ ಹಿಂದಿನಿಂದ. ದೀಪಗಳೆಲ್ಲ ಆರಿದವು. ದೊಂದಿ ಹಿಡಿದವರು ಎರಡು ಬದಿಗೆ, ರಾಳ ಎರಚಿದಾಗ ಬೆಂಕಿ ಭಗ್ಗೆಂದು ಎದ್ದಿತು, ಚೆಂಡೆಗಳು ಒಂದೇ ಸಮನೆ ಮೊರೆದವು. ಕೊಂಬು ತೂಗುತ್ತ, ಆರ್ಭಟಿಸುತ್ತ, ಕುರ್ಚಿಗಳ ನಡುವೆಯೇ ದಾರಿ ಮಾಡಿಕೊಂಡು ಬಂದ. ನೆರೆಮನೆಯ ಮಕ್ಕಳ ಜೊತೆ ಕುರ್ಚಿಯಲ್ಲಿ ಕುಳಿತಿದ್ದ ಮಗಳು, ನಮ್ಮ ಮನೆಯ ಧೈರ್ಯಸ್ಥೆ, ಚೀರಿಕೊಂಡು ಓಡಿ ಬಂದು ಅಪ್ಪನ ಕೊರಳಿಗೆ ಬಿದ್ದಳು. ಸಣ್ಣವನು ಚಾಪೆಯ ಮೇಲೆ ಎದ್ದು ನಿಂತಿದ್ದ. ಕೈ ಕಿವಿಯ ಮೇಲಿತ್ತು, ನಿಜ. ಆದರೆ ಕಣ್ಣು ಮುಚ್ಚಿರಲಿಲ್ಲ.

“ಅಕ್ಕಾ, ಹೆದರಬೇಡ” ಎಂದು ಕೂಗಿದ. “ಆ ಮಾಮ ಸಜ್ಜಿಗೆ ತಿಂದಿದ್ದಾರೆ.”

ಹೊಟ್ಟೆ ತುಂಬಿದವನು ಯಾರನ್ನೂ ತಿನ್ನುವುದಿಲ್ಲ ಎಂಬುದು ಅವನ ತರ್ಕವಿರಬೇಕು. ಮಗಳಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಆದರೆ ದೇವಿ ಬಂದು ಮಹಿಷನನ್ನು ಕೊಲ್ಲುವ ಹೊತ್ತಿಗೆ ಅಪ್ಪನ ಹೆಗಲಿನಿಂದ ಇಳಿದಿದ್ದಳು. ಸಣ್ಣವನೇ ಅತ್ತದ್ದು, ಕೊಂದದ್ದಕ್ಕೆ. ಅವನಿಗೆ ಮಹಿಷ ಗೆಲ್ಲಬೇಕಿತ್ತು.

ಮೂರನೆಯ ದಿನ ಹೋಗಲಿಲ್ಲ. ಇಬ್ಬರಿಗೂ ಬಿಸಿಲಿನ ಗುಳ್ಳೆ ಎದ್ದಿತ್ತು, ನನಗೆ ತಲೆನೋವು. ಮನೆಯ ಜಗಲಿಯಲ್ಲಿ ಉತ್ಸವ ಮುಂದುವರಿಯಿತು. ಸಣ್ಣವನು ಮುರಿದ ಕೊಡೆ ಹಿಡಿದು, ಮುಖಕ್ಕೆ ವಿಭೂತಿ, ಕುಂಕುಮ, ನನ್ನ 60 ರೂಪಾಯಿಯ ಕಾಡಿಗೆ ಎಲ್ಲವನ್ನೂ ಬಳಿದುಕೊಂಡು ಕುಣಿದ. ಅಕ್ಕ ಧ್ವನಿವರ್ಧಕವಾಗಿ ಮೂರು ಭಾಷೆಗಳಲ್ಲಿ ಅವನ ಹೆಸರು, ಊರು, ತಂದೆಯ ಹೆಸರು ಸಾರಿದಳು. ಅತ್ತೆ ಶಾಲು ಹೊದೆಸಿದರು. ಬಚ್ಚಲಿನ ಟವಲು.

ಜುಲೈ ಕೊನೆಯಲ್ಲಿ, ಆಟಿಯ ಒಂದು ಬೆಳಗ್ಗೆ, ಮಳೆ ತುಸು ಹೊಳವಾದಾಗ ಗೇಟಿನ ಹತ್ತಿರ ತೆಂಬರೆ ವಾದ್ಯದ ಸದ್ದಾಯಿತು. ಎರಡು ವರ್ಷದಿಂದ ಯಾರೂ ಬಂದಿರಲಿಲ್ಲ. ಅತ್ತೆ ಒಳಗೆ ಹೋಗಿ ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಅರಸಿನದ ತುಂಡು, ಒಂದು ಮಸಿಕೆಂಡ (ಇದ್ದಿಲು) ಜೋಡಿಸತೊಡಗಿದರು. ಸಣ್ಣವನು ಓಡಿ ಹೋಗಿ ನೋಡಿ ಬಂದ. “ಇವರು ಬೇರೆ, ಸೋಡಾ ಕುಡಿದವರಲ್ಲ” ಎಂದ. ಹೌದು, ಇವರು ತೀರಾ ಕಿರಿಯರು, ಇಪ್ಪತ್ತೈದರ ಒಳಗಿನವರು, ಕೈಯಲ್ಲಿ ಓಲೆಯ ಕೊಡೆ ಇರಲಿಲ್ಲ. ಕಪ್ಪು ಬಟ್ಟೆಯ ಮಾಮೂಲಿ ಕೊಡೆಗೆ ಸುತ್ತಲೂ ಗರಿ ಕಟ್ಟಿದ್ದರು. ತೆಂಬರೆ ಬಾರಿಸುತ್ತ ಹಾಡುತ್ತಿದ್ದವರು ಅವರ ಅಮ್ಮ. ಅಂಗಳದ ಪಾಚಿಯಲ್ಲಿ ಜಾರದಂತೆ ಕಾಲನ್ನು ಒತ್ತಿ ಒತ್ತಿ ಇಡುತ್ತ ಕುಣಿದರು. ಕುಣಿತ ಮುಗಿಯುವ ತನಕವೂ ಅಕ್ಕಿ ಹೊರಗೆ ಬಂದಿರಲಿಲ್ಲ. ಕೆಂಡ ಹುಡುಕುವುದರಲ್ಲಿ ಅತ್ತೆಗೆ ತಡವಾಗಿತ್ತು.

ನಾನು ಹೆಸರು ಕೇಳಿದೆ. ಹೇಳಿದರು. ಅಮ್ಮನದನ್ನೂ ಕೇಳಿದೆ. ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿ, ರೇಷನ್ ಕಾರ್ಡಿಗೋ ಮತ್ಯಾವುದಕ್ಕೋ ಬೇಕಾಗಿದೆಯೆಂದು ತಿಳಿದವರಂತೆ ಮನೆತನದ ಹೆಸರು ಸಮೇತ ಹೇಳಿದರು.

“ಅಜ್ಜಿ, ಸೋಡಾ ಇದೆಯಾ?” ಎಂದು ಸಣ್ಣವನು ಅಡುಗೆಮನೆಯ ಬಾಗಿಲಲ್ಲಿ ಕೂಗುತ್ತಿದ್ದ.

“ಈ ಮಳೆಗೆ ಎಂಥ ಸೋಡಾ ಮಾರಾಯ” ಎಂದು ಅತ್ತೆ ಬೆಲ್ಲದ ಕಾಫಿಗೆ ನೀರಿಟ್ಟರು. ಗರಿ ಕಟ್ಟಿದ ಕೊಡೆಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಇಬ್ಬರೂ ಬೆಂಚಿನ ಮೇಲೆ ಕುಳಿತರು. ಕೊಡೆಯಿಂದ ನೀರು ಇಳಿದು ಜಗಲಿಯ ಕಾವಿ ನೆಲದ ಮೇಲೆ ಸಣ್ಣ ಹೊಂಡವಾಯಿತು, ಮಗ ಅದರಲ್ಲಿ ಬೆರಳಾಡಿಸುತ್ತ ಅವರ ಮುಖದ ಚುಕ್ಕೆ ಯಾವಾಗ ತೆಗೆಯುತ್ತಾರೆಂದು ಕಾಯುತ್ತಿದ್ದ.